ಮತವೆಂಬ ಸಾಕ್ಷ್ಯ ಮತ್ತು ಹಣದ ಪರದೆ

2023ರ ಮೇ 10ರಂದು ಕರ್ನಾಟಕ ವಿಧಾನಸಭೆಗೆ ಚುನಾವಣೆ ನಡೆಯಿತು. ಅದರ ಹಿಂದಿನ ಶುಕ್ರವಾರ ನಮ್ಮ ಮಸೀದಿಯ ಖತೀಬರು ಜುಮಾ ನಮಾಜಿಗೆ ಮುಂಚಿನ ಬಯಾನಿನಲ್ಲಿ ಮತದಾನದ ಬಗ್ಗೆ ಮಾತಾಡಿದರು. ಯಾರಿಗೆ ಹಾಕಬೇಕು ಎಂದು ಅವರು ಹೇಳಲಿಲ್ಲ. ಮತ ಎಂದರೇನು ಎಂಬುದನ್ನು ಹೇಳಿದರು. ಕಳೆದ ಶತಮಾನದ ವಿದ್ವಾಂಸ ಮುಫ್ತಿ ಮುಹಮ್ಮದ್ ಶಫೀ ಅವರು ಮತವನ್ನು ಮೂರು ಬಗೆಯಲ್ಲಿ ನೋಡಬಹುದು ಎಂದಿದ್ದರಂತೆ. ಅದು ಶಹಾದತ್, ಅಂದರೆ ಈ ಮನುಷ್ಯ ಯೋಗ್ಯ ಎಂದು ನುಡಿಯುವ ಸಾಕ್ಷ್ಯ. ಅದು ಒಂದು ಶಿಫಾರಸು. ಅದು ಒಂದು ವಕಾಲತ್ತು ಕೂಡ. ಸುಳ್ಳು ಸಾಕ್ಷ್ಯ ಎಷ್ಟು ದೊಡ್ಡ ಪಾಪವೆಂದು ನಿಮಗೆಲ್ಲ ಗೊತ್ತಿದೆ, ಹಣ ಪಡೆದು ಮತ ಹಾಕುವವನು ಹಣ ಪಡೆದು ಸಾಕ್ಷಿ ಹೇಳಿದಂತೆಯೇ ಎಂದು ಖತೀಬರು ಮಾತು ಮುಗಿಸಿದರು.

ಮಾತು ಮನಸ್ಸಿಗೆ ತಾಕಿತು. ಹೊರಗೆ ಬಂದಾಗ ನೆನಪಾದದ್ದು ನಮ್ಮ ಹಿಂದಿನ ಬೀದಿಯ ಖಾಲಾ. ಮೂವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಬಿಸಿನೀರಿಗೆ ಕೈ ಅದ್ದಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋದ ಹೆಂಗಸು. ರೇಷನ್ ಅಂಗಡಿಯ ಯಂತ್ರ ಅವರ ಬೆರಳಚ್ಚನ್ನು ಒಪ್ಪುವುದಿಲ್ಲ. ಆ ಚುನಾವಣೆಯಲ್ಲಿ ಅವರು ಒಂದು ಪಕ್ಷದವರಿಂದ 500ರ ಎರಡು ನೋಟು, ಇನ್ನೊಂದು ಪಕ್ಷದವರಿಂದ ಕುಕ್ಕರ್ ತೆಗೆದುಕೊಂಡಿದ್ದರು. ಬೀದಿಯಲ್ಲಿ ಇದೇನೂ ಗುಟ್ಟಾಗಿರಲಿಲ್ಲ.

"ತಗೊಂಡಿರಂತಲ್ಲ ಖಾಲಾ?" ಎಂದು ಕೇಳಿದೆ.

"ತಗೊಂಡೆ ಬೇಟಾ. ಐದು ವರ್ಷಕ್ಕೆ ಒಂದು ಸಲ ಬಾಗಿಲಿಗೆ ಬರ್ತಾರೆ. ಬಂದದ್ದು ಬಿಟ್ಟರೆ ಆಮೇಲೆ ಏನು ಕೊಡ್ತಾರೆ ಅವರು? ವೋಟು ಯಾರಿಗೆ ಹಾಕಬೇಕೋ ಅವರಿಗೇ ಹಾಕಿದೆ. ಕುಕ್ಕರಿಗೆ ಗೊತ್ತಾ ನಾನು ಎಲ್ಲಿ ಒತ್ತಿದೆ ಅಂತ?"

ಖತೀಬರ ಮಾತಿನ ಪ್ರಕಾರ ಖಾಲಾ ತಪ್ಪಿತಸ್ಥೆ. ಈ ದೇಶದ ದಂಡ ಕಾನೂನಿನ ಪ್ರಕಾರವೂ ಹೌದು. ಮತಕ್ಕಾಗಿ ಹಣ ಕೊಡುವವರಂತೆ ಪಡೆಯುವವರೂ ಅಪರಾಧಿಗಳೇ, ಒಂದು ವರ್ಷದವರೆಗೆ ಸಜೆ ವಿಧಿಸಬಹುದು. ಲಂಚ ಕೊಟ್ಟವನನ್ನೂ ಪಡೆದವನನ್ನೂ ಪ್ರವಾದಿಯವರು (ಸ) ಒಟ್ಟಿಗೇ ಶಪಿಸಿದ್ದಾರೆ ಎಂಬುದನ್ನು ಬಲ್ಲವರಿಗೆ ಇದರಲ್ಲಿ ವಾದಕ್ಕೆ ಜಾಗವಿಲ್ಲ. ನಾನೂ ಖಾಲಾರನ್ನು ಸಮರ್ಥಿಸಲು ಹೊರಟಿಲ್ಲ. ಆದರೆ ಅದೇ 2023ರ ಏಪ್ರಿಲ್ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಕೆಲವು ನಿಗದಿತ ಶಾಖೆಗಳಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತಿತ್ತು. ಅಲ್ಲಿ 1,000 ರೂಪಾಯಿಯಿಂದ 1 ಕೋಟಿ ರೂಪಾಯಿವರೆಗಿನ ಚುನಾವಣಾ ಬಾಂಡುಗಳು ಮಾರಾಟಕ್ಕಿದ್ದವು. ಕಂಪನಿಗಳು ಬಂದು ಕೊಂಡು, ತಮಗೆ ಬೇಕಾದ ಪಕ್ಷಕ್ಕೆ ಕೊಡುತ್ತಿದ್ದವು. ಕೊಟ್ಟವರು ಯಾರೆಂದು ಮತದಾರರಿಗೆ ತಿಳಿಯುವಂತಿರಲಿಲ್ಲ. ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿಯೂ ಇತ್ತು. ಖಾಲಾ ಪಡೆದದ್ದಕ್ಕೆ ಲಂಚವೆಂದು ಹೆಸರು. ಇದಕ್ಕೆ ದೇಣಿಗೆಯೆಂದು ಹೆಸರು.

ಮತ ಸಾಕ್ಷ್ಯವೆಂಬ ಮಾತನ್ನು ಒಪ್ಪಿದರೆ ಪ್ರಶ್ನೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಬೇಕಾಗುತ್ತದೆ. ಸಾಕ್ಷಿಯನ್ನು ಕೆಡಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ಅವನ ನಾಲಗೆಯನ್ನು ಕೊಳ್ಳುವುದು. ಇದು ದುಬಾರಿ, ನಂಬಲಿಕ್ಕೂ ಆಗುವುದಿಲ್ಲ. ಖಾಲಾರಂಥವರು ತೆಗೆದುಕೊಂಡೂ ಕೈಕೊಡುತ್ತಾರೆ. ಇನ್ನೊಂದು, ಅವನು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬುದನ್ನು ಮೊದಲೇ ಗೊತ್ತು ಮಾಡುವುದು. ಆಗ ಅವನು ಪ್ರಾಮಾಣಿಕವಾಗಿಯೇ, ಅಲ್ಲಾಹನ ಮೇಲೆ ಆಣೆಯಿಟ್ಟೇ, ತಪ್ಪು ಸಾಕ್ಷ್ಯ ನುಡಿಯುತ್ತಾನೆ. ಹಣದ ಮತ್ತು ಮಾಧ್ಯಮದ ಶಕ್ತಿ ಕೆಲವೇ ಕೈಗಳಲ್ಲಿ ಒಟ್ಟುಗೂಡಿದಾಗ ಪ್ರಜಾಪ್ರಭುತ್ವ ಅದನ್ನು ತಡೆದು ನಿಲ್ಲಬಲ್ಲದೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಮೊದಲ ದಾರಿಯ ಬಗ್ಗೆಯೇ ಮಾತಾಡುತ್ತೇವೆ. ನನಗೆ ಭಯವಿರುವುದು ಎರಡನೆಯದರ ಬಗ್ಗೆ.

ಬಾಂಡಿನ ಕಥೆಯನ್ನೇ ನೋಡಿ. 2017ರ ಬಜೆಟ್ ಭಾಷಣದಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಇದನ್ನು ಪ್ರಕಟಿಸಿದಾಗ ಹೇಳಿದ ಉದ್ದೇಶ ರಾಜಕೀಯ ದೇಣಿಗೆಯನ್ನು ಸ್ವಚ್ಛಗೊಳಿಸುವುದು. ನಗದಿನ ಬದಲು ಬ್ಯಾಂಕಿನ ಮೂಲಕ ಹಣ ಹರಿಯಲಿ ಎಂದರೆ ಯಾರು ಬೇಡವೆನ್ನುತ್ತಾರೆ? ಆದರೆ ಜೊತೆಯಲ್ಲೇ ಬಂದ ತಿದ್ದುಪಡಿಗಳನ್ನು ನೋಡಿ. ಕಂಪನಿಯೊಂದು ಮೂರು ವರ್ಷಗಳ ಸರಾಸರಿ ಲಾಭದ 7.5 ಶೇಕಡಾಕ್ಕಿಂತ ಹೆಚ್ಚು ಹಣವನ್ನು ಪಕ್ಷಗಳಿಗೆ ಕೊಡುವಂತಿಲ್ಲ ಎಂಬ ಮಿತಿ ಹೋಯಿತು. ಯಾವ ಪಕ್ಷಕ್ಕೆ ಕೊಟ್ಟೆವು ಎಂದು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮವೂ ಹೋಯಿತು. ಲಾಭವೇ ಇಲ್ಲದ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದು ಎಂದಾಯಿತು. ಇದೆಲ್ಲ ಹಣಕಾಸು ಮಸೂದೆಯ ರೂಪದಲ್ಲಿ ಬಂದದ್ದರಿಂದ ರಾಜ್ಯಸಭೆಯ ಒಪ್ಪಿಗೆ ಬೇಕಾಗಲಿಲ್ಲ. ರಿಸರ್ವ್ ಬ್ಯಾಂಕೂ ಚುನಾವಣಾ ಆಯೋಗವೂ ಆಕ್ಷೇಪ ಎತ್ತಿದ್ದವು.

ಬಾಂಡ್ ಅನಾಮಧೇಯ ಎಂದು ಸರ್ಕಾರ ಹೇಳುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಪೂನಂ ಅಗರ್‌ವಾಲ್ ಎಂಬ ಪತ್ರಕರ್ತೆ ತಲಾ 1,000 ರೂಪಾಯಿಯ ಎರಡು ಬಾಂಡುಗಳನ್ನು ಕೊಂಡರು. ಅದನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿದಾಗ ಬರಿಗಣ್ಣಿಗೆ ಕಾಣದ, ನೇರಳಾತೀತ ಬೆಳಕು ಬಿಟ್ಟರೆ ಮಾತ್ರ ಮೂಡುವ ಗುಪ್ತ ಸಂಖ್ಯೆ ಸಿಕ್ಕಿತು. ನಕಲಿ ತಡೆಯಲು ಹಾಕಿದ ಗುರುತು ಅದು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಇರಬಹುದು. ಆದರೆ ಆ ಕಾಗದದ ತುಂಡು ಒಂದು ಸತ್ಯವನ್ನು ಹೇಳುತ್ತಿತ್ತು. ಮೇಲೆ ಕುಳಿತವರಿಗೆ ಬೇಕೆಂದರೆ ಕೊಟ್ಟವನು ಕಾಣಿಸುತ್ತಾನೆ, ಕೆಳಗೆ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವವರಿಗೆ ಕಾಣಿಸುವುದಿಲ್ಲ. ಗುಪ್ತ ಮತದಾನದ ತತ್ವ ಇದಕ್ಕೆ ನೇರ ವಿರುದ್ಧವಾದದ್ದು. ಬಡವ ಯಾರಿಗೆ ಮತ ಹಾಕಿದನೆಂದು ಸಾಹುಕಾರನಿಗೆ ತಿಳಿಯಬಾರದು, ಸಾಹುಕಾರ ಯಾರಿಗೆ ಹಣ ಕೊಟ್ಟನೆಂದು ಬಡವನಿಗೆ ತಿಳಿಯಬೇಕು. ನಾವು ತಲೆಕೆಳಗು ಮಾಡಿಕೊಂಡಿದ್ದೆವು.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಮ್ಮತದಿಂದ ಈ ಯೋಜನೆಯನ್ನು ರದ್ದು ಮಾಡಿತು. ಮತದಾರನಿಗೆ ತಿಳಿಯುವ ಹಕ್ಕಿದೆ ಎಂಬುದು ತೀರ್ಪಿನ ತಿರುಳು. ವಿವರ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ, ಅಂದರೆ ಲೋಕಸಭಾ ಚುನಾವಣೆ ಮುಗಿದ ಮೇಲಿನವರೆಗೆ, ಸಮಯ ಕೇಳಿತು. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 11ರಂದು ಗದರಿಸಿಕೊಂಡ ಬ್ಯಾಂಕು ಮರುದಿನವೇ ವಿವರ ಕೊಟ್ಟಿತು! ಆರು ವರ್ಷಗಳಲ್ಲಿ ಮಾರಾಟವಾದ ಬಾಂಡುಗಳ ಮೊತ್ತ ಸುಮಾರು 16,500 ಕೋಟಿ ರೂಪಾಯಿ. ಅತಿ ಹೆಚ್ಚು ಪಡೆದದ್ದು ಕೇಂದ್ರದಲ್ಲಿ ಆಳುವ ಬಿಜೆಪಿ. ಅತಿ ಹೆಚ್ಚು ಕೊಂಡವರು ಯಾರೆಂದು ನೋಡಿದರೆ ಟಾಟಾ, ಬಿರ್ಲಾಗಳಲ್ಲ. ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ. ಜಾರಿ ನಿರ್ದೇಶನಾಲಯದ ತನಿಖೆ ಎದುರಿಸುತ್ತಿದ್ದ ಅದು ಕೊಂಡದ್ದು 1,368 ಕೋಟಿಯ ಬಾಂಡು. ಅದರ ದೊಡ್ಡ ಪಾಲು ಹೋದದ್ದು ತೃಣಮೂಲ ಕಾಂಗ್ರೆಸ್‌ಗೆ ಮತ್ತು ಡಿಎಂಕೆಗೆ. ಆದ್ದರಿಂದ ಇದನ್ನು ಒಂದು ಪಕ್ಷದ ಪಾಪವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಖಾಲಾರಿಗೆ ಇದನ್ನು ವಿವರಿಸಲು ಪ್ರಯತ್ನಿಸಿದೆ. ಕೋಟಿ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಬೇಗ ಅರ್ಥವಾಯಿತು. "ಪೊಲೀಸಿನವನು ಮನೆಗೆ ಬಂದಾಗ ಕೊಡೋದನ್ನ ಚಂದಾ ಅಂತಾರಾ?" ಎಂದು ಕೇಳಿದರು.

ಬಾಂಡ್ ಪಡೆದ ಪಕ್ಷಗಳಿಂದ ಹಣ ವಾಪಸು ಬರಲಿಲ್ಲ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಂಬಂಧವೇನೆಂದು ತನಿಖೆ ಮಾಡಲು ವಿಶೇಷ ತಂಡ ಬೇಕೆಂಬ ಮನವಿಯನ್ನು ಕೋರ್ಟ್ 2024ರ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಹಣ ಈಗ ಚುನಾವಣಾ ಟ್ರಸ್ಟುಗಳ ದಾರಿಯಲ್ಲಿ ಹರಿಯುತ್ತಿದೆ. ಅವುಗಳ ಲೆಕ್ಕವಾದರೂ ಬಹಿರಂಗವಾಗುತ್ತದೆ ಎಂಬುದು ಸಣ್ಣ ಸಮಾಧಾನ.

ಈ ಅಪಾಯವನ್ನು ಮೊದಲೇ ಕಂಡವರಿದ್ದರು. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುವಾಗುವಂತೆ ತನ್ನ ನಿಯಮಾವಳಿ ತಿದ್ದಿಕೊಳ್ಳಲು ಬಾಂಬೆ ಹೈಕೋರ್ಟಿಗೆ ಹೋಗಿತ್ತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಕಾನೂನಿನಲ್ಲಿ ತಡೆಯಿಲ್ಲದ್ದರಿಂದ ಅವರು ಒಪ್ಪಿಗೆ ಕೊಡಬೇಕಾಯಿತು. ಆದರೆ ತೀರ್ಪಿನಲ್ಲೇ, ಇದು ಬೆಳೆಯುತ್ತ ಹೋಗಿ ಕೊನೆಗೆ ಈ ದೇಶದ ಪ್ರಜಾಪ್ರಭುತ್ವದ ಕತ್ತು ಹಿಸುಕಬಹುದು, ಸಂಸತ್ತು ಗಮನ ಹರಿಸಬೇಕು ಎಂಬ ಅರ್ಥದ ಎಚ್ಚರಿಕೆಯನ್ನೂ ಬರೆದಿಟ್ಟರು. ಸಂಸತ್ತು ಗಮನ ಹರಿಸಿದ್ದು ಹೀಗೆ: 1969ರಲ್ಲಿ ಕಂಪನಿ ದೇಣಿಗೆ ನಿಷೇಧವಾಯಿತು, 1985ರಲ್ಲಿ ನಿಷೇಧ ತೆರವಾಯಿತು. ನಡುವೆ 1974ರಲ್ಲಿ, ಅಭ್ಯರ್ಥಿಗಾಗಿ ಪಕ್ಷ ಮಾಡುವ ಖರ್ಚೂ ಅಭ್ಯರ್ಥಿಯ ಖರ್ಚೇ ಎಂದು ಸುಪ್ರೀಂ ಕೋರ್ಟ್ ಹೇಳಿದ ಬೆನ್ನಿಗೇ, ಅದು ಲೆಕ್ಕಕ್ಕಿಲ್ಲ ಎಂದು ಕಾನೂನು ತಿದ್ದಲಾಯಿತು. ಇಂದಿಗೂ ಅಭ್ಯರ್ಥಿಯ ಖರ್ಚಿಗೆ ಮಿತಿಯಿದೆ, ಪಕ್ಷದ ಖರ್ಚಿಗೆ ಇಲ್ಲ. ಈ ಮೂರೂ ಕೆಲಸಗಳು ಕಾಂಗ್ರೆಸ್ ಆಳ್ವಿಕೆಯಲ್ಲೇ ಆದವು.

ಜನರ ಸೊತ್ತನ್ನು ನುಂಗುವ ಸಲುವಾಗಿ ಹಣವನ್ನು ಅಧಿಕಾರಸ್ಥರ ಬಳಿಗೆ ಒಯ್ಯಬಾರದೆಂಬ ತಾಕೀತು ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿದೆ. ಅದು ಬರುವುದು ಉಪವಾಸದ ನಿಯಮಗಳ ಬೆನ್ನಿಗೇ. ರಮಜಾನಿನಲ್ಲಿ ಉಪವಾಸದ ಆಯತ್‌ಗಳನ್ನು ನಾವು ಪ್ರತಿವರ್ಷ ಕೇಳುತ್ತೇವೆ, ಅದರ ಪಕ್ಕದಲ್ಲೇ ಇರುವ ಇದರ ಬಗ್ಗೆ ಬಯಾನ್ ಕೇಳಿದ ನೆನಪು ನನಗಿಲ್ಲ.

ಇನ್ನು ಮಾಧ್ಯಮದ ಮಾತು. ಬೆಳಿಗ್ಗೆ ಮನೆಗೆ ಬರುವ ದಿನಪತ್ರಿಕೆಗೆ ನಾವು ಐದಾರು ರೂಪಾಯಿ ಕೊಡುತ್ತೇವೆ. ಕಾಗದ, ಮುದ್ರಣ, ಸಾಗಾಣಿಕೆ, ಏಜೆಂಟರ ಕಮಿಷನ್ ಸೇರಿಸಿದರೆ ಆ ಹಣದಲ್ಲಿ ಪತ್ರಿಕೆ ಹುಟ್ಟುವುದೇ ಇಲ್ಲ. ಉಳಿದದ್ದನ್ನು ಕೊಡುವವರು ಜಾಹೀರಾತುದಾರರು: ಕಾರು, ಚಿನ್ನ, ಅಪಾರ್ಟ್‌ಮೆಂಟು ಮಾರುವವರು, ಮತ್ತೆ ಸರ್ಕಾರ. ಟಿವಿ ಸುದ್ದಿಗೆ ಅಷ್ಟೂ ಕೊಡುವುದಿಲ್ಲ. ಅಂದಮೇಲೆ ಅಂಗಡಿಯಲ್ಲಿ ಗಿರಾಕಿ ಯಾರು? ನಾವಲ್ಲ. ನಮ್ಮ ಗಮನವನ್ನು ಕಟ್ಟುಕಟ್ಟಾಗಿ ಜಾಹೀರಾತುದಾರರಿಗೆ ಮಾರಲಾಗುತ್ತದೆ. ಇದನ್ನು ಹೇಳಿದರೆ ಪತ್ರಕರ್ತ ಮಿತ್ರರು ಬೇಸರ ಮಾಡಿಕೊಳ್ಳುತ್ತಾರೆ, ಆದರೆ ಅವರ ಸಂಬಳದ ಲೆಕ್ಕವೂ ಇದೇ.

ಈ ಲೆಕ್ಕ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆ ಉದಾಹರಣೆ. ಒಬ್ಬನೇ ನಾಯಕನ ಕುರಿತು ಪೈಪೋಟಿಯ ಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ಲೇಖನ ಬೇರೆ ಬೇರೆ ಹೆಸರಿನಲ್ಲಿ ಅಚ್ಚಾಗಿದ್ದನ್ನು ಪಿ. ಸಾಯಿನಾಥ್ ಬಯಲಿಗೆಳೆದರು. 'ಪೇಯ್ಡ್ ನ್ಯೂಸ್' ಎಂಬ ಮಾತು ಆಗ ಮನೆಮಾತಾಯಿತು. ಪತ್ರಿಕಾ ಮಂಡಳಿ ನೇಮಿಸಿದ ಇಬ್ಬರು ಸದಸ್ಯರ ಉಪಸಮಿತಿ ಹೆಸರುಗಳ ಸಮೇತ ವರದಿ ಕೊಟ್ಟರೆ, ಮಂಡಳಿ 2010ರಲ್ಲಿ ಅದನ್ನು ಪೂರ್ತಿ ಪ್ರಕಟಿಸದೆ ಬದಿಗಿಟ್ಟಿತು. ಇಷ್ಟರಲ್ಲೇ ದೊಡ್ಡ ಪತ್ರಿಕಾ ಸಂಸ್ಥೆಗಳು ಜಾಹೀರಾತಿಗೆ ಬದಲಾಗಿ ಕಂಪನಿಗಳ ಶೇರುಗಳನ್ನೇ ತೆಗೆದುಕೊಳ್ಳುವ ಒಪ್ಪಂದಗಳಿಗೂ ಇಳಿದಿದ್ದವು. ಯಾವ ಕಂಪನಿಯ ಶೇರು ಪತ್ರಿಕೆಯ ಬಳಿಯಿದೆಯೋ ಅದರ ಬಗ್ಗೆ ಪತ್ರಿಕೆ ಏನು ಬರೆದೀತು? ಈಗಂತೂ ಶೇರಿನ ದಿಕ್ಕೇ ತಿರುಗಿದೆ. 2014ರಲ್ಲಿ ನೆಟ್‌ವರ್ಕ್18 ರಿಲಯನ್ಸ್ ಕೈಗೆ ಹೋಯಿತು, 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಸಮೂಹದ ಕೈಗೆ. ನಮ್ಮಲ್ಲೂ ಮನೆಮನೆಗೆ ಅಗ್ಗದ ಬೆಲೆಯಲ್ಲಿ ಬಂದು ಬೆಳೆದ 'ವಿಜಯ ಕರ್ನಾಟಕ' 2006ರಲ್ಲಿ ಟೈಮ್ಸ್ ಸಮೂಹದ ಪಾಲಾಯಿತು. ಪತ್ರಿಕೆಗಳನ್ನು ಇತರ ಉದ್ದಿಮೆಗಳಿಂದ ಬಿಡಿಸಿ ಬೇರೆ ಮಾಡಬೇಕೆಂದು ಎರಡನೇ ಪತ್ರಿಕಾ ಆಯೋಗ 1982ರಲ್ಲೇ ಹೇಳಿತ್ತು. 2014ರಲ್ಲಿ ಟ್ರಾಯ್ ಕೂಡ ರಾಜಕೀಯ ಪಕ್ಷಗಳು ಮತ್ತು ದೊಡ್ಡ ಕಂಪನಿಗಳು ಮಾಧ್ಯಮಕ್ಕೆ ಇಳಿಯುವುದಕ್ಕೆ ಕಡಿವಾಣ ಬೇಕೆಂದಿತು. ಎರಡೂ ಕಡತದಲ್ಲಿವೆ.

ಒಡೆಯ ಶ್ರೀಮಂತನಾದರೆ ಪತ್ರಿಕೆ ಹೇಡಿಯಾಗಲೇಬೇಕು ಎಂದೇನೂ ಇಲ್ಲ. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತ ರಾಮನಾಥ್ ಗೋಯೆಂಕಾ ಉದ್ಯಮಿಯೇ ಆಗಿದ್ದರು. ಆದರೆ ಒಡೆಯನ ಗುಂಡಿಗೆಯನ್ನು ನಂಬಿ ಪ್ರಜಾಪ್ರಭುತ್ವ ನಡೆಸಲಿಕ್ಕಾಗುವುದಿಲ್ಲ. ಬಂದರು, ಗಣಿ, ವಿದ್ಯುತ್ತು, ದೂರವಾಣಿ ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕಾದವನು ಅದೇ ಸರ್ಕಾರವನ್ನು ಟೀಕಿಸುವ ವಾಹಿನಿಯನ್ನು ಎಷ್ಟು ದಿನ ಸಾಕಿಯಾನು?

ಇದರ ಬೆಲೆಯನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. 2020ರ ಮಾರ್ಚ್ ಕೊನೆಯಿಂದ ಏಪ್ರಿಲ್ ಉದ್ದಕ್ಕೂ, ಇಡೀ ದೇಶ ಬಾಗಿಲು ಹಾಕಿಕೊಂಡು ಟಿವಿ ಎದುರು ಕೂತಿದ್ದಾಗ, ನಿಜಾಮುದ್ದೀನ್ ಮರ್ಕಜ್‌ನ ಹೆಸರಿನಲ್ಲಿ ನಮ್ಮ ವಾಹಿನಿಗಳು ಏನು ಮಾಡಿದವೆಂದು ಎಲ್ಲರಿಗೂ ನೆನಪಿದೆ. ತಬ್ಲೀಗಿನವರ ತಪ್ಪು ಇರಲಿಲ್ಲವೆಂದಲ್ಲ. ರೋಗದ ಕಾಲದಲ್ಲಿ ಜನ ಸೇರಿಸಿದ್ದು ಅವಿವೇಕ, ಅದನ್ನು ನಾವೂ ಹೇಳಿದ್ದೆವು. ಆದರೆ ಅದನ್ನು ಒಂದು ಸಮುದಾಯದ ಜಿಹಾದ್ ಎಂದು ಕರೆದದ್ದು ಸ್ಟುಡಿಯೋಗಳು. ತಳ್ಳುಗಾಡಿಯಲ್ಲಿ ತರಕಾರಿ ತಂದವನ ಹೆಸರು ಕೇಳಿ ಬೀದಿಯಿಂದ ಓಡಿಸಿದವರು ಆ ಸ್ಟುಡಿಯೋ ನೋಡಿದವರೇ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಮುದ್ರಣ ಹಾಗೂ ಟಿವಿ ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತೆಂದೂ ಅವರನ್ನು ಬಲಿಪಶು ಮಾಡಲಾಯಿತೆಂದೂ ಹೇಳಿತು. ಅವರಿಗೆ ಆಶ್ರಯ ಕೊಟ್ಟರೆಂಬ ಆರೋಪದಲ್ಲಿ 70 ಮಂದಿ ಭಾರತೀಯರ ಮೇಲಿದ್ದ ಪ್ರಕರಣಗಳನ್ನು ದಿಲ್ಲಿ ಹೈಕೋರ್ಟ್ ರದ್ದು ಮಾಡಿದ್ದು 2025ರ ಜುಲೈನಲ್ಲಿ. ಐದು ವರ್ಷಗಳ ನಂತರ! ಅಂದು ಕೂಗಿದವರು ಇದನ್ನು ಅಷ್ಟೇ ಕೂಗಿ ಹೇಳಿದ್ದನ್ನು ನಾನಂತೂ ನೋಡಲಿಲ್ಲ.

ಇದನ್ನು ಬರೀ ಕೋಮುದ್ವೇಷ ಎಂದು ಅರ್ಥಮಾಡಿಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ಉಳಿದರ್ಧ ದುಡ್ಡಿನ ಲೆಕ್ಕ. ರಾಯಚೂರಿನ ಹಳ್ಳಿಯೊಂದಕ್ಕೆ ವರದಿಗಾರನನ್ನೂ ಕ್ಯಾಮೆರಾದವನನ್ನೂ ಕಳಿಸಿ ಕೂಲಿ ಸಿಗದ ಜನರ ಸ್ಥಿತಿ ತೋರಿಸಲು ಖರ್ಚಾಗುತ್ತದೆ, ದಿನಗಳು ಬೇಕು, ಜಾಹೀರಾತೂ ಬರುವುದಿಲ್ಲ. ಸ್ಟುಡಿಯೋದಲ್ಲಿ ಆರು ಜನರನ್ನು ಕೂರಿಸಿ ಜಗಳ ಹಚ್ಚಲು ಖರ್ಚೇ ಇಲ್ಲ, ಅವರಲ್ಲೊಬ್ಬರು ಗಡ್ಡ ಟೋಪಿಯವರಾದರೆ ಇನ್ನೂ ಒಳ್ಳೆಯದು. ನಮ್ಮವರೇ ಕೆಲವರು ಆ ಕುರ್ಚಿಗೆ ಹಾತೊರೆದು ಹೋಗುತ್ತಾರೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪದ ಪ್ರಕರಣ ಬಹಿರಂಗಪಡಿಸಿದ ಮೇಲೆ ಸುದ್ದಿವಾಹಿನಿಗಳ ರೇಟಿಂಗನ್ನೇ ನಿಲ್ಲಿಸಲಾಯಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಆ ಒಂದೂವರೆ ವರ್ಷ ರೇಟಿಂಗ್ ಇಲ್ಲದೆಯೂ ಜಗಳಗಳು ನಿಲ್ಲಲಿಲ್ಲ. ಅಗ್ಗದ ಸರಕಿಗೆ ಅಂಗಡಿ ಒಗ್ಗಿಹೋಗಿತ್ತು.

ದುಷ್ಟನೊಬ್ಬ ಸುದ್ದಿ ತಂದರೆ ವಿಚಾರಿಸಿ ನೋಡಬೇಕು, ಇಲ್ಲವಾದರೆ ತಿಳಿಯದೆ ಒಂದು ಜನಸಮೂಹಕ್ಕೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಅರ್ಥದ ಮಾತು ಸೂರಾ ಹುಜುರಾತ್‌ನಲ್ಲಿದೆ. 2020ರಲ್ಲಿ ಈ ಆಯತ್ ನಮ್ಮ ವಾಟ್ಸ್ಯಾಪುಗಳಲ್ಲಿ ಬಹಳ ಓಡಾಡಿತು, ಇತರರಿಗೆ ಬುದ್ಧಿ ಹೇಳುವುದಕ್ಕಾಗಿ. ಅದೇ ವಾಟ್ಸ್ಯಾಪುಗಳಲ್ಲಿ ನಾವು ವಿಚಾರಿಸದೆ ಕಳಿಸಿದ ಸುದ್ದಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹಾಗಾದರೆ ಪ್ರಜಾಪ್ರಭುತ್ವ ಸೋತಿದೆಯೇ? 2024ರ ಜೂನ್ ತಿಂಗಳ ನಾಲ್ಕು ದಿನಗಳನ್ನು ನೆನಪಿಸಿಕೊಳ್ಳಿ. ಜೂನ್ 1ರ ಸಂಜೆ ಮತದಾನ ಮುಗಿಯುತ್ತಿದ್ದಂತೆ ಹೆಚ್ಚುಕಡಿಮೆ ಎಲ್ಲ ಸಮೀಕ್ಷೆಗಳೂ ಆಳುವ ಮೈತ್ರಿಕೂಟಕ್ಕೆ 350ರ ಆಸುಪಾಸು, ಕೆಲವು 400ರವರೆಗೂ, ಸ್ಥಾನ ಕೊಟ್ಟವು. ಜೂನ್ 3ರ ಸೋಮವಾರ ಶೇರುಪೇಟೆಯ ಸೆನ್ಸೆಕ್ಸ್ 2,500 ಅಂಶ ಜಿಗಿಯಿತು. ಜೂನ್ 4ರಂದು ಎಣಿಕೆ ಶುರುವಾಗಿ ಬಿಜೆಪಿ 240ಕ್ಕೆ ನಿಲ್ಲುತ್ತದೆಂದು ಕಾಣತೊಡಗಿದಾಗ ಅದೇ ಸೆನ್ಸೆಕ್ಸ್ 4,389 ಅಂಶ ಕುಸಿಯಿತು. ಒಂದೇ ದಿನ ಶೇರುಗಳ ಮೌಲ್ಯದಲ್ಲಿ ಸುಮಾರು 31 ಲಕ್ಷ ಕೋಟಿ ಕರಗಿತು ಎಂದು ಪತ್ರಿಕೆಗಳು ಬರೆದವು. ಅಂದರೆ ಹಣವೂ ಮಾಧ್ಯಮವೂ ಒಂದನ್ನೊಂದು ನಂಬಿ ಕೂತಿದ್ದವು, ಖಾಲಾರಂಥ ಕೋಟ್ಯಂತರ ಜನ ಎಲ್ಲಿ ಒತ್ತಿದರೆಂದು ಎರಡಕ್ಕೂ ಗೊತ್ತಿರಲಿಲ್ಲ.

ಆ ದಿನ ನನಗೂ ಸಂತೋಷವಾಯಿತು, ಮುಚ್ಚಿಡುವುದೇನು. ಆದರೆ ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲು ಮನಸ್ಸು ಒಪ್ಪುತ್ತಿಲ್ಲ. ಸರ್ಕಾರ ಬದಲಾಗಲಿಲ್ಲ. ಅದಕ್ಕೆ ಬಂದ ಮತಗಳೆಲ್ಲ ಮೋಸದ ಮತಗಳೆಂದು ಹೇಳುವ ಅಹಂಕಾರವೂ ಸಲ್ಲದು. ತಮ್ಮ ತಿಳಿವಿಗೆ ಬಂದಂತೆ ಪ್ರಾಮಾಣಿಕವಾಗಿ ಸಾಕ್ಷ್ಯ ನುಡಿದವರು ಅವರೂ ಹೌದು. ಪ್ರಶ್ನೆ ಅವರಿಗೂ ನಮಗೂ ತಿಳಿವು ಎಲ್ಲಿಂದ ಬರುತ್ತಿದೆ ಎಂಬುದು. ಜನ ತಾವು ದಿನವೂ ಮುಟ್ಟಿ ನೋಡುವುದರ ಬಗ್ಗೆ, ಬೆಲೆಯೇರಿಕೆ, ಕೆಲಸ, ರಸಗೊಬ್ಬರ, ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆ ಇಂಥವುಗಳ ಬಗ್ಗೆ, ಟಿವಿಯನ್ನು ನಂಬುವುದಿಲ್ಲ. ಕಣ್ಣೆದುರಿನದನ್ನು ಯಾವ ಒಡೆಯನೂ ಮರೆಮಾಡಲಾರ. ಆದರೆ ದೂರದ್ದರ ಬಗ್ಗೆ, ಅಂದರೆ ಬ್ಯಾಂಕಿನ ಬಾಂಡು, ಬಂದರಿನ ಗುತ್ತಿಗೆ, ಗಡಿಯ ಆಚೆ, ಮತ್ತು ದುಃಖದ ಸಂಗತಿಯೆಂದರೆ ಪಕ್ಕದ ಬೀದಿಯ ಬೇರೆ ಧರ್ಮದವನ ಬಗ್ಗೆಯೂ, ತೆರೆ ತೋರಿಸಿದ್ದೇ ಸತ್ಯವಾಗುತ್ತದೆ. ಪಕ್ಕದ ಬೀದಿ ಅಷ್ಟು ದೂರವಾದದ್ದು ಹೇಗೆ ಎಂದು ಬರೆಯಲು ಇನ್ನೊಂದು ಲೇಖನ ಬೇಕು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು, ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಅಸಮಾನತೆಯ ಪಟ್ಟಿಗೆ ಈಗ ತಿಳಿವಿನ ಅಸಮಾನತೆಯನ್ನೂ ಸೇರಿಸಬೇಕು. ಬಾಂಡನ್ನು ಬಯಲು ಮಾಡಿದ್ದು ಚುನಾವಣೆಯಲ್ಲ ಎಂಬುದನ್ನು ಗಮನಿಸಿ. ಎರಡು ಸಾವಿರ ರೂಪಾಯಿ ಖರ್ಚು ಮಾಡಿದ ಒಬ್ಬ ಪತ್ರಕರ್ತೆ, ಆರೇಳು ವರ್ಷ ಕೋರ್ಟು ಅಲೆದ ಕೆಲವು ಅರ್ಜಿದಾರರು, ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿದವರು, ಕೊನೆಗೆ ಐದು ಮಂದಿ ನ್ಯಾಯಾಧೀಶರು. ಚುನಾವಣೆ ಸಾಕ್ಷ್ಯ ಕೇಳುವ ದಿನ ಅಷ್ಟೇ. ಸಾಕ್ಷಿಗೆ ನೋಡಲು ಬೆಳಕು ಒದಗಿಸುವ ಕೆಲಸ ಉಳಿದ 1,800 ದಿನಗಳಲ್ಲಿ ಆಗಬೇಕು. ಅದಕ್ಕೆ ಖರ್ಚಿದೆ, ಆ ಖರ್ಚನ್ನು ಯಾರು ಕೊಡುತ್ತಾರೋ ಬೆಳಕು ಅವರು ತೋರಿಸಿದ ಕಡೆಗೆ ಬೀಳುತ್ತದೆ.

ಕನ್ನಡದಲ್ಲಿ ಓದುಗರೇ ಖರ್ಚು ಕೊಟ್ಟ ಉದಾಹರಣೆಗಳಿವೆ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತು ಹಾಕಲಿಲ್ಲ. ಓದುಗ ಅಂಗಡಿಯಲ್ಲಿ ಕೊಟ್ಟ ಹಣದಲ್ಲೇ ನಡೆಯಿತು, ಮುಖ್ಯಮಂತ್ರಿ ಗುಂಡೂರಾಯರನ್ನು ವಾರವಾರ ಕಾಡಿತು. ಅದರ ಭಾಷೆಯ ಒರಟುತನ, ಲಂಕೇಶರ ವೈಯಕ್ತಿಕ ರಾಗದ್ವೇಷಗಳ ಬಗ್ಗೆ ತಕರಾರು ಇದ್ದವರು ಆಗಲೂ ಇದ್ದರು, ನನಗೂ ಇದೆ. ಆದರೆ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ವರದಿಗಾರ್ತಿಯಾಗಿದ್ದದ್ದೂ ಅದಕ್ಕೇ. ಮುಸ್ಲಿಂ ಹೆಂಗಸರ ಬಗ್ಗೆ ಮಾತಾಡುವವರು ಆಗಲೂ ಬಹಳ ಜನ ಇದ್ದರು, ಮುಸ್ಲಿಂ ಹೆಂಗಸೇ ಮಾತಾಡಿದ್ದು ಜಾಹೀರಾತಿಲ್ಲದ ಈ ಪತ್ರಿಕೆಯಲ್ಲಿ. ಆ ಮಾತು ಹೊರಗಿನವರಿಗಿಂತ ನಮಗೇ ಹೆಚ್ಚು ಚುಚ್ಚಿತೆಂಬುದೂ ನಿಜ. ಓದುಗನ ಹಣದಲ್ಲಿ ನಡೆಯುವ ಪತ್ರಿಕೆ ಓದುಗನನ್ನು ಮೆಚ್ಚಿಸಬೇಕೆಂದೇನಿಲ್ಲ.

ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆ ತಂದಾಗ ಸಾಮಾನ್ಯ ಓದುಗರಿಂದಲೇ ಶೇರು ಹಣ ಸಂಗ್ರಹಿಸಿದ್ದರು. ಪತ್ರಿಕೆಗಳ ಕಚೇರಿಯಲ್ಲಿ ಹಿಂದೆಂದೂ ಕಾಣದ ದಲಿತ, ಹಿಂದುಳಿದ ವರ್ಗಗಳ ಹುಡುಗರಿಗೆ ಅದು ಪಾಠಶಾಲೆಯಾಯಿತು. ಆದರೆ ಅದು ಬಾಳಲಿಲ್ಲ. ವಾರಪತ್ರಿಕೆಯ ಖರ್ಚನ್ನು ಓದುಗರು ಹೊರಬಲ್ಲರು, ದಿನಪತ್ರಿಕೆಯ ಯಂತ್ರ, ಕಾಗದ, ಸಂಬಳಗಳನ್ನು ಹೊರುವುದು ಬೇರೆಯೇ ಮಾತು. ಈಗ ಯೂಟ್ಯೂಬ್ ಇದೆ, ರವೀಶ್ ಕುಮಾರ್ ಎನ್‌ಡಿಟಿವಿ ಬಿಟ್ಟ ಮೇಲೆ ಅಲ್ಲಿ ಲಕ್ಷಾಂತರ ಜನರನ್ನು ತಲುಪುತ್ತಿದ್ದಾರೆ, ಯಂತ್ರದ ಖರ್ಚಿಲ್ಲ ಎನ್ನುತ್ತಾರೆ ಗೆಳೆಯರು. ಒಪ್ಪುತ್ತೇನೆ. ಆದರೆ ಆ ಅಂಗಳವೂ ಅಮೆರಿಕದ ಒಂದು ಕಂಪನಿಯದ್ದು. ಗೇಟಿನ ಬೀಗ ನಮ್ಮ ಬಳಿ ಇಲ್ಲ.

ಕಳೆದ ರಮಜಾನಿಗೆ ಮುಂಚೆ ನಮ್ಮ ಮೊಹಲ್ಲಾದಲ್ಲಿ ಇಫ್ತಾರ್ ಸಮಿತಿಯ ಸಭೆ ಸೇರಿತ್ತು. ಹಿಂದಿನ ವರ್ಷದ್ದು ಸ್ವಲ್ಪ ಹಣ ಉಳಿದಿತ್ತು. ಡಿಗ್ರಿ ಓದುವ ಹುಡುಗನೊಬ್ಬ ಎದ್ದು, ಮದರಸಾದ ಮುಂದಿನ ಕೋಣೆಯಲ್ಲಿ ಓದುವ ಮೇಜು ಹಾಕಿ ಪತ್ರಿಕೆಗಳನ್ನು ತರಿಸೋಣ ಎಂದ. ಮಗಳ ವಲೀಮಾಕ್ಕೆ ಎರಡು ಸಾವಿರ ಜನರಿಗೆ ಬಿರಿಯಾನಿ ಹಾಕಿಸಿದ ಹಿರಿಯರೊಬ್ಬರು, ಮೊಬೈಲಿನಲ್ಲಿ ಬಿಟ್ಟಿ ಬರುವುದಕ್ಕೆ ದುಡ್ಡು ಯಾಕೆ ಎಂದರು. ಇನ್ನೊಬ್ಬರು ಜಕಾತ್ ಹಣ ಬಳಸಬಹುದಾ ಎಂದು ಕೇಳಿದರು. ಅದು ಬಡವರ ಪಾಲು, ಅದಕ್ಕೆ ಕೈ ಹಾಕಬೇಡಿ, ಸದಕಾ ಎಂದು ಬೇರೆಯಾಗಿ ಎತ್ತಿ ಎಂದರು ಖತೀಬರು. ನಾನು ಖಾಲಾರ ಮೊಮ್ಮಗಳ ಹೆಸರು ಹೇಳಿದೆ. ಆಕೆ ಪಿಯುಸಿ ಓದುತ್ತಾಳೆ, ಕೋಣೆ ಹೆಣ್ಣುಮಕ್ಕಳಿಗೂ ತೆರೆದಿರಬೇಕು ಎಂದೆ. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಒಂದು ವರ್ಷಕ್ಕೆ ಮೂರು ದಿನಪತ್ರಿಕೆ, ಎರಡು ಮಾಸಿಕ ಎಂದು ತೀರ್ಮಾನವಾಯಿತು. ಯಾವ ಮೂರು ದಿನಪತ್ರಿಕೆ ಎಂಬ ಚರ್ಚೆ ಇಶಾ ನಮಾಜಿನವರೆಗೂ ನಡೆಯಿತು. ನಮ್ಮನ್ನು ಬೈಯುವ ಪತ್ರಿಕೆಯನ್ನು ನಮ್ಮದೇ ದುಡ್ಡು ಕೊಟ್ಟು ತರಿಸಬೇಕೇ ಎಂದು ಒಂದು ಬಣ, ಬೈಯುವವರು ಏನು ಬೈಯುತ್ತಾರೆಂದು ತಿಳಿಯದೆ ಉತ್ತರ ಕೊಡುವುದು ಹೇಗೆ ಎಂದು ಇನ್ನೊಂದು ಬಣ. ಆ ಪ್ರಶ್ನೆಯನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದೇವೆ. ಮೇಜು ಬಂದಿದೆ.